ಮುಂದಿನ ಎರಡು ಚಕ್ರಗಳು

ಮೇಷ್ಟ್ರಾದವನಿಗೆ ಬಂಧುವರ್ಗದಲ್ಲಿ ಒಂದು ವಿಚಿತ್ರವಾದ ಗೌರವವುಂಟು. ಆತ ಪಂಪನನ್ನು ಪಾಠ ಹೇಳುವವನೆಂದು ಎಲ್ಲರಿಗೂ ಗೊತ್ತು. ಆದರೂ ‘ಓದಿದವರು’ ಎಂಬ ಒಂದೇ ಕಾರಣದಿಂದ ತೋಟದ ಪಂಪಿನ ರಿಪೇರಿಯೂ ಆತನಿಗೆ ತಿಳಿದಿರಲೇಬೇಕೆಂದು ನಂಬುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿಯ ಅಣ್ಣ ನನ್ನ ಮುಂದಿಟ್ಟ ಪ್ರಶ್ನೆ ಇಂಥದೇ ಆಗಿತ್ತು. ಆದರೆ ಅದನ್ನು ಕೇಳಿದ ಹೊತ್ತು ನಗುವ ಹೊತ್ತಾಗಿರಲಿಲ್ಲ.

ಭಾವನವರದು ಮಲೆನಾಡಿನ ಅಡಕೆ ತೋಟ. ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ಒಂದು ಮಣ್ಣಿನ ದಾರಿ; ಅದರ ನಡುವೆ ಒಂದು ಏರು. ಎರಡು ವರ್ಷದ ಹಿಂದೆ ಅವರು ಯಾರೋ ಬಳಸಿ ಬಿಟ್ಟ ಪಿಕಪ್ ಗಾಡಿಯೊಂದನ್ನು ಕೊಂಡಿದ್ದರು. ಜುಲೈ ತಿಂಗಳ ಒಂದು ರಾತ್ರಿ, ಪಾಚಿಗಟ್ಟಿದ ಅಂಗಳದಲ್ಲಿ ಅತ್ತೆಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವರನ್ನು ಮಲಗಿಸಿಕೊಂಡು ಹೊರಟ ಗಾಡಿ ಏರಿನ ಅರ್ಧದಲ್ಲಿ ನಿಂತಿತು. ಹಿಂದಿನ ಚಕ್ರಗಳು ಕೆಸರನ್ನು ಎರಚುತ್ತ ನಿಂತಲ್ಲಿಯೇ ಗುಂಡಿ ತೋಡಿದವು. ಮುಂದಿನ ಚಕ್ರಗಳು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನಿದ್ದವು. ಆಳುಗಳು ತಳ್ಳಿದರು, ಕಲ್ಲು ಕೊಟ್ಟರು, ಗೋಣಿ ಹಾಸಿದರು. ಕೊನೆಗೆ ಆಚೆ ಮನೆಯವರ ಹಳೆಯ ಜೀಪು ಬಂದು ಅತ್ತೆಯವರನ್ನು ಕರೆದೊಯ್ಯುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಕೂತು ಭಾವ ಕೇಳಿದರು: “ಮೇಷ್ಟ್ರೆ, ನಮ್ಮ ಗಾಡಿಯ ಮುಂದಿನ ಚಕ್ರಗಳಿಗೂ ಇಂಜಿನಿನ ಶಕ್ತಿ ಕೊಡಿಸಲಾಗದೆ? ಅಮೆರಿಕದಲ್ಲಿ ಹಾಗೆ ಮಾಡುತ್ತಾರಂತೆ. ನೀವು ಇಂಗ್ಲಿಷು ಓದಬಲ್ಲಿರಿ. ನೋಡಿ ಹೇಳಿ.”

ಓದಿದೆ. ಹೇಳದೆ ವಿಧಿಯಿರಲಿಲ್ಲ.

ಮೊದಲು ಆ ರಾತ್ರಿಯ ಗುಟ್ಟನ್ನು ಹೇಳುತ್ತೇನೆ. ಎತ್ತಿನ ಬಂಡಿಯ ಚಕ್ರ ತಾನಾಗಿ ತಿರುಗುವುದಿಲ್ಲ. ಎತ್ತು ಎಳೆದರೆ ಉರುಳುತ್ತದೆ. ಸಾಮಾನ್ಯವಾದ ಪಿಕಪ್ಪಿನ ಮುಂದಿನ ಚಕ್ರಗಳೂ ಬಂಡಿಯ ಚಕ್ರಗಳೇ: ಉರುಳುತ್ತವೆ, ಹೊರಳುತ್ತವೆ, ಆದರೆ ದುಡಿಯುವುದಿಲ್ಲ. ದುಡಿಮೆಯೆಲ್ಲ ಹಿಂದಿನವುಗಳದು. ವಿಪರ್ಯಾಸವೆಂದರೆ, ಸರಕಿಲ್ಲದ ಪಿಕಪ್ಪಿನಲ್ಲಿ ಇಂಜಿನಿನ ಭಾರವೆಲ್ಲ ಮುಂದಿನ ಅಚ್ಚಿನ ಮೇಲಿರುತ್ತದೆ, ಹಿಂಭಾಗ ಹಗುರ. ಚಕ್ರಕ್ಕೆ ನೆಲದ ಹಿಡಿತ ಸಿಗುವುದು ಅದರ ಮೇಲಿನ ಭಾರದಿಂದ. ಹಿಡಿತವುಳ್ಳ ಚಕ್ರಕ್ಕೆ ಶಕ್ತಿಯಿಲ್ಲ, ಶಕ್ತಿಯುಳ್ಳ ಚಕ್ರಕ್ಕೆ ಹಿಡಿತವಿಲ್ಲ. ಹತ್ತು ಮೂಟೆ ಅಡಕೆ ಹೇರಿದ್ದರೆ ಆ ಗಾಡಿ ಬಹುಶಃ ಏರಿಬಿಡುತ್ತಿತ್ತು; ಒಬ್ಬ ಬಡಕಲು ಮುದುಕಿಯನ್ನು ಹೊತ್ತು ಏರಲಾರದೆ ಹೋಯಿತು.

ಇದಕ್ಕೆ ಮದ್ದು ಹುಡುಕಿದವರು ಹಿಂದೆಯೇ ಇದ್ದರು. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ವಾಲ್ಟರ್ ಮಾರ್ಮನ್ ಮತ್ತು ಆರ್ಥರ್ ಹೆರಿಂಗ್ಟನ್ ಎಂಬಿಬ್ಬರು 1931ರಲ್ಲಿ ಒಂದು ಕಾರ್ಖಾನೆ ತೆರೆದರು. ಆ ದಶಕದ ನಡುವೆ ಅವರು ಫೋರ್ಡ್ ಲಾರಿಗಳನ್ನು ತೆಗೆದುಕೊಂಡು, ಮುಂದಿನ ಅಚ್ಚಿಗೂ ಶಕ್ತಿ ಸಲ್ಲುವಂತೆ ಮಾರ್ಪಡಿಸಿ ಮಾರತೊಡಗಿದರು. ಈ ಹೆರಿಂಗ್ಟನ್ ಮಹಾಶಯರು ನಮ್ಮ ದೇಶಕ್ಕೂ ಬಂದಿದ್ದರೆಂಬುದು ಓದುವಾಗ ನನಗೆ ಸಿಕ್ಕ ಒಂದು ಸಂತೋಷ: 1942ರಲ್ಲಿ ಭಾರತದ ಯುದ್ಧಕಾಲದ ಕೈಗಾರಿಕೆಗಳನ್ನು ಪರಿಶೀಲಿಸಲು ಹೆನ್ರಿ ಗ್ರೇಡಿಯವರ ನೇತೃತ್ವದಲ್ಲಿ ಬಂದ ಅಮೆರಿಕನ್ ತಾಂತ್ರಿಕ ನಿಯೋಗದಲ್ಲಿ ಅವರೂ ಒಬ್ಬ ಸದಸ್ಯರು.

ಯುದ್ಧ ಮುಗಿದ ಮೇಲೆ ಜೀಪಿನ ರುಚಿ ಕಂಡ ರೈತರು, ಕಾಡಿನ ಇಲಾಖೆಯವರು, ವಿದ್ಯುತ್ ಕಂಬ ನೆಡುವವರು ತಮ್ಮ ಲಾರಿಗಳಿಗೂ ಅದೇ ಬಲ ಬೇಕೆಂದರು. ಆಗ ಮಿನಿಯಾಪೊಲಿಸ್ ನಗರದ ನ್ಯಾಪ್ಕೊ ಎಂಬ ಸಂಸ್ಥೆ ಬೇಕಾದ ಭಾಗಗಳನ್ನೆಲ್ಲ ಸೇರಿಸಿ, ‘ಪವರ್ ಪ್ಯಾಕ್’ ಎಂದು ಹೆಸರಿಟ್ಟು ಮಾರಿತು. ಶೆವ್ರೊಲೆ ಮತ್ತು ಜಿ.ಎಂ.ಸಿ. ಪಿಕಪ್ಪುಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. 1957ರಲ್ಲಿ ಶೆವ್ರೊಲೆಯವರು ತಮ್ಮ ಕಾರ್ಖಾನೆಯಲ್ಲಿಯೇ ಅದನ್ನು ಜೋಡಿಸಿ ಕೊಡುವಷ್ಟು ಅದಕ್ಕೆ ಮಾನ್ಯತೆ ಬಂತು. ಅಗ್ಗದ ಬಾಬತ್ತೇನೂ ಅಲ್ಲ, ಆದರೂ ಕೊಂಡವರಿದ್ದರು.

ಅದರ ಜೋಡಣೆಯನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ವ್ಯಾಕರಣದ ಆಗಮ ಸಂಧಿ. ‘ಮಗು’ವಿಗೂ ‘ಅನ್ನು’ವಿಗೂ ನಡುವೆ ‘ವ’ಕಾರ ಬಂದು ಕೂರುತ್ತದೆ, ಇತ್ತಣ ಪದಕ್ಕೂ ನೋವಿಲ್ಲ, ಅತ್ತಣದಕ್ಕೂ ಇಲ್ಲ. ಹಾಗೆಯೇ ಗಿಯರು ಪೆಟ್ಟಿಗೆಗೂ ಹಿಂದಿನ ಅಚ್ಚಿಗೂ ನಡುವೆ ಇನ್ನೊಂದು ಪೆಟ್ಟಿಗೆ ಬಂದು, ರಬ್ಬರಿನ ಮೆತ್ತೆಯ ಮೇಲೆ ಚಾಸಿಗೆ ತೂಗಿಕೊಳ್ಳುತ್ತದೆ. ಟ್ರಾನ್ಸ್‌ಫರ್ ಕೇಸ್ ಎಂದು ಇದರ ಹೆಸರು. ಗಿಯರು ಪೆಟ್ಟಿಗೆಯಿಂದ ಬಂದ ಶಕ್ತಿಯನ್ನು ಒಂದು ಷಾಫ್ಟಿನಿಂದ ಹಿಂದಕ್ಕೂ ಇನ್ನೊಂದರಿಂದ ಮುಂದಕ್ಕೂ ಹಂಚುವುದು ಇದರ ಕೆಲಸ. ಲಿವರು ಎಳೆದರೆ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸಿಯೂ ಕೊಡುತ್ತದೆ. ಮುಂದಿನ ಅಚ್ಚಿನೊಳಗೆ ಹಿಂದಿನ ಅಚ್ಚಿನದೇ ಜಾತಿಯ ಕ್ರೌನ್ ಚಕ್ರ. ಇದು ಮುಖ್ಯ: ಎರಡು ಅಚ್ಚುಗಳಲ್ಲೂ ಹಲ್ಲುಗಳ ಪ್ರಮಾಣ ಒಂದೇ ಇರಬೇಕು. ಇಲ್ಲದಿದ್ದರೆ ಒಂದು ಅಚ್ಚು ಬೇಗ ಹೋಗೆನ್ನುತ್ತದೆ, ಇನ್ನೊಂದು ನಿಧಾನವೆನ್ನುತ್ತದೆ; ನಡುವೆ ಸಿಕ್ಕ ಷಾಫ್ಟುಗಳು ಹಿಂಡಿಹೋಗುತ್ತವೆ.

ಇನ್ನೊಂದು ತೊಡಕು ನಾನು ಊಹಿಸದಿದ್ದುದು. ಮುಂದಿನ ಚಕ್ರ ತಿರುಗಬೇಕು, ಅದರ ಜೊತೆಗೆ ಎಡಕ್ಕೂ ಬಲಕ್ಕೂ ಹೊರಳಲೂ ಬೇಕು. ಸಾಮಾನ್ಯವಾದ ಕೀಲನ್ನು ಅಲ್ಲಿಟ್ಟರೆ, ಹೊರಳಿದಾಗ ಅದು ಒಂದೊಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ತಗ್ಗಿಸಿ, ಚಕ್ರವನ್ನು ಜಗ್ಗಾಡಿಸುತ್ತದೆ. ಯಾವ ಕೋನದಲ್ಲಿಯೂ ಒಂದೇ ವೇಗ ಕೊಡುವ, ಉಕ್ಕಿನ ಗುಂಡುಗಳುಳ್ಳ ಕೀಲನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪ ಎಂಬ ಇಂಜಿನಿಯರು ಕಂಡುಹಿಡಿದದ್ದು ಈ ವಿದ್ಯೆಗೆಲ್ಲ ದೊಡ್ಡ ಉಪಕಾರವಾಯಿತು.

ಆದರೆ ಇಷ್ಟು ಸಲೀಸಾಗಿ ಆಗಮ ಸಂಧಿ ನಡೆದದ್ದಕ್ಕೆ ಕಾರಣ ಆ ಕಾಲದ ಚಾಸಿ. 1950ರ ದಶಕದ ನಡುವಿನವರೆಗೆ ಶೆವ್ರೊಲೆಯ ಅರ್ಧ ಟನ್ ಪಿಕಪ್ಪಿನಲ್ಲಿ ಹಿಂದಿನ ಷಾಫ್ಟು ಮುಚ್ಚಿದ ಕೊಳವೆಯೊಳಗಿತ್ತು. ನಡುವೆ ಏನನ್ನೂ ತೂರಿಸುವಂತಿರಲಿಲ್ಲ. ಅದು ಬಯಲಿಗೆ ಬಂದ ಮೇಲೆ ಕೆಲಸ ಸುಲಭವಾಯಿತು. ಅಲ್ಲದೆ ಮುಂದೆ ಇದ್ದದ್ದು ಒಂದು ಉದ್ದನೆಯ ಅಚ್ಚು, ಅದರ ಮೇಲೆ ಎರಡು ಪ್ಲೇಟು ಸ್ಪ್ರಿಂಗು. ಮೂಲತಃ ನಮ್ಮ ಬಂಡಿಯ ಅಚ್ಚಿನ ಹತ್ತಿರದ ನೆಂಟ. ಸತ್ತ ಅಚ್ಚನ್ನು ಬಿಚ್ಚಿ ಜೀವವಿರುವ ಅಚ್ಚನ್ನು ಕಟ್ಟಿದರಾಯಿತು. 1960ರಲ್ಲಿ ಎಲ್ಲ ಬದಲಾಯಿತು. ಪಿಕಪ್ಪಿನಲ್ಲಿಯೂ ಕಾರಿನ ಸುಖ ಬೇಕೆಂದು ಶೆವ್ರೊಲೆಯವರು ಎರಡು ಚಕ್ರದ ಗಾಡಿಗೆ ಮುಂದಿನ ಚಕ್ರಗಳನ್ನು ಒಂದೊಂದನ್ನೂ ಬೇರೆಬೇರೆಯಾಗಿ ತೂಗುಹಾಕಿದರು. ನಾಲ್ಕು ಚಕ್ರದ್ದನ್ನು ಹಳೆಯ ಪದ್ಧತಿಯಲ್ಲಿಯೇ, ತಾವೇ ಕಟ್ಟಿ ಮಾರಿದರು. ಫೋರ್ಡಿನವರು ಅದಕ್ಕೆ ಒಂದು ವರ್ಷ ಮೊದಲೇ ತಮ್ಮದನ್ನು ತಂದಿದ್ದರು. ಅಂದಿನಿಂದ ಎರಡು ಗಾಡಿಗಳೂ ಹೊರಗಿನಿಂದ ಅಣ್ಣತಮ್ಮಂದಿರು. ಅಡಿಯಲ್ಲಿ ಬಗ್ಗಿ ನೋಡಿದರೆ ಬೇರೆ ಬೇರೆ ಕುಲ.

ಇಷ್ಟನ್ನು ಗಂಟುಕಟ್ಟಿಕೊಂಡು ಭಾವನವರೊಡನೆ ಶಿವಮೊಗ್ಗದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಹಿರಿಯ ಮೇಸ್ತ್ರಿ ಟಾರ್ಚು ಹಿಡಿದು ಗಾಡಿಯ ಅಡಿಗೆ ನುಸುಳಿ, ನನ್ನನ್ನೂ ಕರೆದ. ಮುಂದಿನ ಚಕ್ರಗಳ ತೋಳುಗಳೂ ಇಂಜಿನಿನ ಭಾರವೂ ಒಂದೇ ಅಡ್ಡಪಟ್ಟಿಯ ಮೇಲೆ ನಿಂತಿದ್ದವು. ಹೊಸ ಅಚ್ಚು ಬರಬೇಕಾದ ಜಾಗವೂ ಅದೇ. “ಇದನ್ನು ಕತ್ತರಿಸಿದರೆ ಇಂಜಿನು ಯಾರ ತಲೆ ಮೇಲೆ ಕೂರಬೇಕು ಸಾರ್?” ಎಂದ. ಇಲ್ಲಿ ಆಗಮ ಸಂಧಿಗೆ ಅವಕಾಶವಿಲ್ಲ. ಮೊದಲು ಲೋಪ, ಆಮೇಲೆ ಆದೇಶ.

ಆತ ವಿವರಿಸಿದ್ದು ನಾನು ಓದಿದ್ದಕ್ಕೆ ಸರಿಹೊಂದಿತು. ಕತ್ತರಿಸಿದರೂ ಬೇರೆ ಪಟ್ಟಿ ಕಟ್ಟಬೇಕು, ಸ್ಪ್ರಿಂಗಿಗೆ ಕೊಂಡಿ ಕೂರಿಸಬೇಕು. ಅಚ್ಚು ಮೇಲೆದ್ದಾಗ ಇಂಜಿನಿನ ಎಣ್ಣೆ ತೊಟ್ಟಿಗೆ ತಾಗದಂತೆ ಗಾಡಿಯನ್ನೇ ಎತ್ತರಿಸಬೇಕು. ಎತ್ತರಿಸಿದರೆ ತಿರುವಿನಲ್ಲಿ ಓಲಾಟ. ಸ್ಟೀರಿಂಗಿನ ಪೆಟ್ಟಿಗೆ ಜಾಗ ಬದಲಿಸಬೇಕು, ಬ್ರೇಕಿನ ಕೊಳವೆ ಉದ್ದವಾಗಬೇಕು. ಎಲ್ಲಕ್ಕೂ ಮಿಗಿಲಾದದ್ದು ಬೆಸುಗೆ. ಚಾಸಿಯ ಉದ್ದ ಪಟ್ಟಿ ಬಾಗುವಾಗ ಅದರ ಮೇಲಂಚು ಕೆಳಅಂಚುಗಳೇ ಹೆಚ್ಚು ಎಳೆತವನ್ನು ತಾಳುತ್ತವೆ. ಬೆಸೆದ ಜಾಗದ ಮಗ್ಗುಲಿನ ಉಕ್ಕು ಬೆಂಕಿ ತಿಂದು ತನ್ನ ಗುಣ ಕಳೆದುಕೊಂಡಿರುತ್ತದೆ. ಅಂಚಿನ ಮೇಲೆ ಬೆಸೆದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ; ತೂತು ಕೊರೆಯುವುದಾದರೂ ನಡುಪಟ್ಟಿಯಲ್ಲಿಯೇ ಕೊರೆಯಬೇಕು. “ಬೆಸೆದು ಕೊಡುವವರು ಇದ್ದಾರೆ ಸಾರ್. ಅವರು ಆ ಗಾಡಿಯಲ್ಲಿ ಕೂರುವುದಿಲ್ಲ” ಎಂದು ಮೇಸ್ತ್ರಿ ಕೈ ಒರೆಸಿಕೊಂಡ.

ಕಾನೂನೂ ಹಾದಿಗೆ ಅಡ್ಡವಿತ್ತು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯ ತೀರ್ಪಿನಲ್ಲಿ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅತ್ತೆಯವರನ್ನು ಕೂರಿಸಿಕೊಂಡು ಹೋಗಲೆಂದೇ ಮಾಡಿಸುವ ಗಾಡಿ ಕಾನೂನಿನ ಕಣ್ಣಿಗೆ ಗಾಡಿಯೇ ಅಲ್ಲವೆಂದಾದರೆ ಗತಿಯೇನು?

ಭಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಹುಟ್ಟಿನಿಂದಲೇ ನಾಲ್ಕು ಚಕ್ರದ್ದಾದ ಗಾಡಿಯೇ ಬೇಕು” ಎಂದರು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಮಲೆನಾಡಿಗೂ ಜೀಪಿಗೂ ಬೆಳೆದ ನಂಟು ಇಂದಿಗೂ ಹರಿದಿಲ್ಲ. ಹುಡುಕಿದರೆ ಸಿಗುತ್ತದೆ. ಆದರೆ ಜೀಪೆಂಬ ಹೆಸರಿನ ಗಾಡಿಗಳಲ್ಲಿಯೂ ಬರೀ ಹಿಂದಿನ ಚಕ್ರದವು ಉಂಟು. ನಾಲ್ಕು ಚಕ್ರದವಲ್ಲಿಯೂ ಡೀಸೆಲ್ ಉಳಿಯಲೆಂದು ಮುಂದಿನ ಷಾಫ್ಟನ್ನು ಬಿಚ್ಚಿಟ್ಟ ಜಾಣರುಂಟು.

ತೀರ್ಥಹಳ್ಳಿಯ ಕಡೆ ಒಂದು ಜೀಪು ಮಾರಾಟಕ್ಕಿದೆಯೆಂದು ತಿಳಿದು ಹೋದೆವು. ಲಿವರು ಇತ್ತು, ಮುಂದಿನ ಅಚ್ಚಿನಲ್ಲಿ ಉಬ್ಬೂ ಇತ್ತು. ಭಾವ ಆಗಲೇ ಬೆಲೆಯ ಮಾತು ತೆಗೆದಿದ್ದರು. ನಾನು ಗೋಣಿಯೊಂದನ್ನು ಕೇಳಿ ಪಡೆದು, ಬಿಳಿಯ ಪಂಚೆಯಲ್ಲಿಯೇ ಗಾಡಿಯ ಅಡಿಗೆ ನುಸುಳಿದೆ. ಮುಂದಿನ ಷಾಫ್ಟು ಇರಬೇಕಾದ ಜಾಗ ಬರಿದಾಗಿತ್ತು. ಹೊರಬಂದು ಹೇಳಿದರೆ ಮಾಲೀಕರು ಒಂದಿಷ್ಟೂ ಬೇಸರಿಸಿಕೊಳ್ಳದೆ, “ಅದು ಅಟ್ಟದ ಮೇಲಿದೆ, ಕೊಡೋಣ” ಎಂದರು. ಇಳಿಸಿ ತಂದದ್ದು ಜೇಡರ ಬಲೆಯಲ್ಲಿ ಸುತ್ತಿದ ಷಾಫ್ಟೇ.

ಶಿವಮೊಗ್ಗದ ಮೇಸ್ತ್ರಿಯೇ ಅದನ್ನು ಕೂರಿಸಿಕೊಟ್ಟ. ಡಾಂಬರಿನ ಮೇಲೆ ಮಾತ್ರ ನಾಲ್ಕು ಚಕ್ರ ಹಾಕಬೇಡಿರೆಂದು ಎರಡು ಸಲ ಹೇಳಿದನಂತೆ: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು, ಕೆಸರಿನಲ್ಲಾದರೆ ಜಾರಿ ಸರಿಮಾಡಿಕೊಳ್ಳುತ್ತವೆ, ಗಟ್ಟಿ ರಸ್ತೆಯಲ್ಲಿ ಗಿಯರುಗಳನ್ನೇ ತಿರುಚುತ್ತವೆ.

ಅತ್ತೆಯವರು ಈಗ ಊರುಗೋಲು ಹಿಡಿದು ಜಗಲಿಯವರೆಗೆ ಬರುತ್ತಾರೆ. ಕಳೆದ ವಾರ ಭಾವ ದೂರವಾಣಿಯಲ್ಲಿ ಮಾತಾಡಿದರು. ಜೀಪನ್ನು ಏರು ಹತ್ತಿಸಿ ನೋಡಿದ್ದಾರೆ, ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿಯೂ ನೋಡಿದ್ದಾರೆ. ಒಣ ನೆಲ. ಮಳೆ ಇನ್ನೂ ಹಿಡಿದಿಲ್ಲ.