ನಾಲೆಯ ಲೆಕ್ಕಕ್ಕೆ ರೈತರೂ ಸೇರಲಿ

ಮೇಲಿನ ಗದ್ದೆಯವನಿಗೆ ನೀರು ಮೊದಲು ಸಿಗುತ್ತದೆ. ಕೆಳಗಿನವನಿಗೂ ಸಿಗಲೆಂದು ಅವನೇಕೆ ಬಿಡಬೇಕು? ಇಂಡೊನೇಷ್ಯಾದ ಬಾಲಿ ದ್ವೀಪದ ರೈತರು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿದ್ದರು. ಅದು ತಜ್ಞರಿಗೆ ಮನವರಿಕೆಯಾಗಲು ಕಂಪ್ಯೂಟರ್ ಮಾದರಿಯೊಂದು ಬೇಕಾಯಿತು.

ಒಂದೇ ಮೂಲದಿಂದ ನೀರು ಪಡೆಯುವ ರೈತರ ಸಂಘಕ್ಕೆ ಬಾಲಿಯಲ್ಲಿ ಸುಬಕ್ ಎನ್ನುತ್ತಾರೆ. ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬೀಳು ಬಿಡಬೇಕು ಎಂಬುದನ್ನು ಈ ಸಂಘಗಳು ಜಲದೇಗುಲಗಳಲ್ಲಿ ಸೇರಿ ತೀರ್ಮಾನಿಸುತ್ತಿದ್ದವು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿಯ ಭತ್ತವನ್ನು ಆದಷ್ಟು ಹೆಚ್ಚು ಸಲ ಬೆಳೆಯಿರಿ ಎಂದು ಸರ್ಕಾರ ಒತ್ತಾಯಿಸಿತು. ದೇಗುಲದ ಸರದಿ ತಪ್ಪಿತು. ಗದ್ದೆಗಳಿಗೆ ಕಂದು ಜಿಗಿಹುಳು ಮುತ್ತಿತು, ನೀರಿಗೂ ತತ್ವಾರವಾಯಿತು.

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಎರಡು ನದಿಗಳ ಉದ್ದಕ್ಕೂ ಇರುವ 172 ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿದರು. ಮಳೆ, ಹೊಳೆಯ ಹರಿವು, ಪೈರಿನ ಬೆಳವಣಿಗೆ, ಹುಳುಗಳ ಸಂಖ್ಯೆ ಎಲ್ಲವನ್ನೂ ಅದಕ್ಕೆ ಉಣಿಸಿದರು. ಪ್ರತಿ ಸುಬಕ್ ತನಗೆ ತೋಚಿದಾಗ ನಾಟಿ ಮಾಡಿದರೆ ಹುಳುವಿಗೆ ವರ್ಷವಿಡೀ ಮೇವು. ಎಲ್ಲರೂ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಬೀಳು ಬಿಟ್ಟರೆ ಹುಳು ಹಸಿದು ಸಾಯುತ್ತದೆ, ಆದರೆ ಹೊಳೆಯ ನೀರು ಸಾಲದು. ಇವೆರಡರ ನಡುವೆ, ದೇಗುಲಗಳ ಮಟ್ಟದ ಹೊಂದಾಣಿಕೆಯಲ್ಲೇ ಇಳುವರಿ ಅತಿ ಹೆಚ್ಚು ಬಂತು.

1993ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಪರೀಕ್ಷೆಯೂ ಇತ್ತು. ದೇಗುಲಗಳನ್ನು ಲೆಕ್ಕದಿಂದ ತೆಗೆದು, ನೆರೆಹೊರೆಯಲ್ಲಿ ಹೆಚ್ಚು ಬೆಳೆದವರ ಸರದಿಯನ್ನೇ ಮುಂದಿನ ವರ್ಷ ಅನುಸರಿಸಬೇಕೆಂಬ ನಿಯಮವಿಟ್ಟರು. ಕೆಲವೇ ವರ್ಷಗಳ ಲೆಕ್ಕದಲ್ಲಿ ದೇಗುಲ ಜಾಲವನ್ನು ಹೋಲುವ ಗುಂಪುಗಳು ತಾವಾಗಿ ಮೂಡಿದವು. ಮೇಲಿನವನು ನೀರು ಬಿಡುವುದರ ಗುಟ್ಟೂ ಬಯಲಾಯಿತು: ನೀರಿಲ್ಲದೆ ಕೆಳಗಿನವನ ನಾಟಿ ಹಿಂದೆ ಬಿದ್ದರೆ ಅಲ್ಲಿ ಬೆಳೆದ ಹುಳು ಇವನ ಪೈರಿಗೂ ಬರುತ್ತದೆ.

ತುಂಗಭದ್ರಾ ಎಡದಂಡೆ ನಾಲೆಗೂ ಇಂಥದೊಂದು ಮಾದರಿ ಬೇಕು. ಅರೆ ನೀರಾವರಿ ಬೆಳೆಗಳಿಗೆಂದು ಯೋಜಿಸಿದ್ದ ಮೇಲ್ಭಾಗದ ಜಮೀನಿನಲ್ಲಿ ಭತ್ತ ಹಬ್ಬಿದೆ. ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ಮತ್ತೆ ಮತ್ತೆ ಬೀದಿಗಿಳಿಯುತ್ತಾರೆ. ಗಂಗಾವತಿ ಸೀಮೆಗೆ ಜಿಗಿಹುಳುವಿನ ಕಾಟವೂ ಹೊಸದಲ್ಲ.

ಎಷ್ಟು ಕ್ಯೂಸೆಕ್, ಯಾವ ದಿನಾಂಕದವರೆಗೆ ಎಂಬ ಲೆಕ್ಕದಿಂದಷ್ಟೇ ಈ ಜಗಳ ಬಗೆಹರಿಯದು. ಗೇಟು ತೆರೆದಾಗ ಮೇಲ್ಭಾಗದ ರೈತ ಯಾವ ಬೆಳೆ ಇಡುತ್ತಾನೆ, ಭತ್ತದ ದರ ಏರಿದರೆ ಏನು ಮಾಡುತ್ತಾನೆ, ಪಕ್ಕದವನು ಪಂಪ್‌ಸೆಟ್ ಇಳಿಸಿದರೆ ಸುಮ್ಮನಿರುತ್ತಾನೆಯೇ ಎಂಬುದೂ ಲೆಕ್ಕಕ್ಕೆ ಬರಬೇಕು. ಬಾಲಿಯ ನಿಯಮಗಳನ್ನು ಇಲ್ಲಿಗೆ ಹೊತ್ತು ತರಬೇಕಿಲ್ಲ. ಇಲ್ಲಿನ ನಡವಳಿಕೆಯನ್ನು ಇಲ್ಲಿಯವರನ್ನೇ ಕೇಳಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮೇಲ್ಭಾಗದ ಮತ್ತು ಕೊನೆ ಭಾಗದ ರೈತರನ್ನು ಒಟ್ಟಿಗೆ ಕೂರಿಸಿ ಮಾದರಿ ಕಟ್ಟಲಿ, ತಪ್ಪಿದ್ದಲ್ಲಿ ಅವರಿಂದಲೇ ತಿದ್ದಿಸಲಿ. ನೀರಾವರಿ ಸಲಹಾ ಸಮಿತಿ ಅದರ ಫಲಿತಾಂಶವನ್ನು ಮುಂಗಾರಿನ ಸಭೆಗೆ ಮುಂಚೆಯೇ ಕನ್ನಡದಲ್ಲಿ ಊರೂರಿಗೂ ತಲುಪಿಸಲಿ.