ಮನೆಯೊಳಗಣ ಕಡಲು

ನೀರಿನಲ್ಲಿರುವ ಮೀನಿಗೂ ಉಸಿರು ಕಟ್ಟುವುದುಂಟೆಂದರೆ ಕೆಲವರು ನಗಬಹುದು. ಹಲಸೂರಿನ ನಿವಾಸಿಗಳಾದ ನಾವು ಮಾತ್ರ ನಗಲಾರೆವು. 2016ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನಮ್ಮ ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದುವು. ಚರಂಡಿಯ ಕಲ್ಮಷವು ಸೇರಿ, ನೀರಿನಲ್ಲಿ ಕರಗಿದ್ದ ಪ್ರಾಣವಾಯುವು ಕುಗ್ಗಿಹೋದುದೇ ಅದಕ್ಕೆ ಕಾರಣವು. ನಿಂತ ನೀರಿಗೆ ಗಾಳಿಯ ಸಂಪರ್ಕವು ಕಡಿಮೆ. ಚಲಿಸುವ ನೀರು ಮಾತ್ರವೇ ಕ್ಷಣಕ್ಷಣಕ್ಕೂ ಹೊಸ ಗಾಳಿಯನ್ನು ಒಳಗೊಳ್ಳುವುದು. ಈ ತತ್ತ್ವವು ಕೆರೆಗೆ ಹೇಗೋ ಮನೆಯ ಗಾಜಿನ ತೊಟ್ಟಿಗೂ ಹಾಗೆಯೇ.

ನಮ್ಮ ಮಗಳ ಮಗನು ಶಿವಾಜಿನಗರದ ರಸಲ್ ಮಾರ್ಕೆಟ್ಟಿನ ಬಳಿಯ ಮೀನಿನ ಅಂಗಡಿಗಳನ್ನು ನೋಡಿಬಂದವನು, "ತಾತ, ನಮ್ಮ ಮನೆಯಲ್ಲಿ ಸಮುದ್ರದ ಮೀನು ಸಾಕೋಣ" ಎಂದು ಹಟ ಹಿಡಿದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕಡಲಿನ ಮೀನುಗಳನ್ನೂ ಹೊಳೆಯ ಮೀನುಗಳನ್ನೂ ವಿಂಗಡಿಸಿ ಹೇಳಿರುವುದನ್ನು ಓದಿದ್ದ ನಮಗೂ ಕುತೂಹಲವಿಲ್ಲದಿರಲಿಲ್ಲ. ಒಪ್ಪಿಕೊಂಡೆವು.

ಇಲ್ಲಿ ವಾಚಕರು ತಿಳಿಯಬೇಕಾದ ಸಂಗತಿಯೊಂದುಂಟು. ಒಂದೇ ಉಷ್ಣತೆಯಲ್ಲಿ ಸಿಹಿನೀರಿಗಿಂತ ಕಡಲ ನೀರು ಸುಮಾರು ಐದರಲ್ಲೊಂದು ಪಾಲು ಕಡಿಮೆ ಪ್ರಾಣವಾಯುವನ್ನು ಹಿಡಿಯುವುದು. ಬೆಂಗಳೂರಾದರೋ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಗಾಳಿಯ ಒತ್ತಡವು ಇಳಿದು ಇನ್ನೂ ಹತ್ತರಲ್ಲೊಂದು ಪಾಲು ನಷ್ಟವಾಗುವುದು. ಆದುದರಿಂದ ಮಂಗಳೂರಿನವರಿಗಿಂತಲೂ ನಮಗೆ ನೀರಿನ ಚಲನೆಯ ಚಿಂತೆಯು ಹೆಚ್ಚು.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ತಂದೆವು. ಅಂಚಿನ ಕೆಳಗೆ ಸ್ವಲ್ಪ ಬಿಟ್ಟು ತುಂಬಿದರೆ ಸುಮಾರು 170 ಲೀಟರ್ ಹಿಡಿಯುವುದು. ಲೀಟರಿಗೆ 35 ಗ್ರಾಮಿನಂತೆ ಆರು ಕಿಲೋ ಉಪ್ಪು ಬೇಕು. ಅಡಿಗೆಯ ಉಪ್ಪು ಸಲ್ಲದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಕೂಡಿದ ಕಡಲುಪ್ಪಿನ ಮಿಶ್ರಣವೇ ಆಗಬೇಕು. ನೀರು ಆವಿಯಾಗಿ ಇಳಿದಾಗ ಉಪ್ಪು ಅಲ್ಲಿಯೇ ಉಳಿಯುವುದರಿಂದ, ಕ್ಲೋರಿನ್ ಕಳೆದ ಸಿಹಿನೀರನ್ನೇ ತುಂಬತಕ್ಕದ್ದು.

ಇನ್ನು ಕೊಳವೆಯ ವಿಚಾರ. ಕಬ್ಬಿಣವು ತುಕ್ಕು ಹಿಡಿಯುವುದು. ಹಿತ್ತಾಳೆಯಿಂದ ಬಿಡುವ ತಾಮ್ರವು ಸೀಗಡಿ ಮೊದಲಾದ ಜೀವಿಗಳಿಗೆ ವಿಷವು. ಪಿ.ವಿ.ಸಿ. ಕೊಳವೆಯಲ್ಲಿ ಈ ದೋಷಗಳಿಲ್ಲ, ಬೆಲೆಯೂ ಅಗ್ಗ. ಕೆಳಗೆ ಒಂದು ಚಿಕ್ಕ ತೊಟ್ಟಿ, ಅದರಲ್ಲಿ ಪಂಪು. ಪಂಪು ನೀರನ್ನು ಮೇಲಕ್ಕೆ ತಳ್ಳುವುದು. ಮೇಲಿನ ತೊಟ್ಟಿಯಲ್ಲಿ ಹೆಚ್ಚಾದುದು ಅಂಚಿನ ದಪ್ಪ ಕೊಳವೆಯಿಂದ ತಾನಾಗಿ ಕೆಳಗಿಳಿಯುವುದು. ಮೇಲಕ್ಕೆ ಬಂದ ಕೊಳವೆಗೆ ಎಲ್ಬೋ, ಟೀಗಳನ್ನು ಜೋಡಿಸಿ ತಳದ ಸುತ್ತಲೂ ಹಾಯಿಸಿ, ಅದಕ್ಕೆ ತೂತುಗಳನ್ನು ಕೊರೆದರೆ ಮೂಲೆಮೂಲೆಯ ಕಸವೂ ಕದಲುವುದು.

ತೂತುಗಳೆಷ್ಟು? ಮೊಮ್ಮಗನಿಂದಲೇ ಲೆಕ್ಕ ಮಾಡಿಸಿದೆವು. ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುವುದಷ್ಟೆ. ಕೊಳವೆಯ ಒಳವ್ಯಾಸವು 25 ಮಿಲಿಮೀಟರ್, ತೂತಿನದು 6; 625ನ್ನು 36ರಿಂದ ಭಾಗಿಸಿದರೆ 17ಕ್ಕೆ ತುಸು ಮೇಲೆ. ಹದಿನೇಳಕ್ಕಿಂತ ಹೆಚ್ಚು ಕೊರೆದರೆ ಕಡೆಯ ತೂತುಗಳಲ್ಲಿ ನೀರಿಗೆ ವೇಗವಿರದು. ತೊಟ್ಟಿಯ ನೀರಿನ ಹತ್ತರಷ್ಟು ಗಂಟೆಗೊಮ್ಮೆ ಹರಿಯಬೇಕೆಂಬುದು ಸಾಧಾರಣ ನಿಯಮ. ಪಂಪಿನ ಪೆಟ್ಟಿಗೆಯ ಮೇಲೆ ಬರೆದುದನ್ನು ನಂಬದೆ, ಮೇಲೆ ಬಂದ ನೀರನ್ನು ಬಕೆಟ್ಟಿಗೆ ಹಿಡಿದು ನೋಡಬೇಕು. 10 ಲೀಟರ್ 20 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1800 ಆಯಿತು.

ಹ್ಯಾಕ್ಸಾ ಬ್ಲೇಡಿನಿಂದ ನೇರವಾಗಿ ಕೊಯ್ದು, ಉಪ್ಪುಕಾಗದದಿಂದ ತುದಿಯನ್ನುಜ್ಜಿ, ಒಣಗಿದ ಮೇಲೆ ಸೊಲ್ಯೂಷನ್ ಸವರಿ ಕೂಡಿಸಬೇಕು. ಇದು ಅಂಟಲ್ಲ, ಎರಡು ಮೈಗಳನ್ನೂ ಕರಗಿಸಿ ಒಂದು ಮಾಡುವ ದ್ರಾವಕ. ಆದುದರಿಂದ ತಪ್ಪಿ ಕೂಡಿಸಿದರೆ ಬಿಡಿಸಲಾಗದು. ಕಿಟಕಿ ತೆರೆದಿರಲಿ, ಒಂದು ದಿನ ಆರಿದ ಮೇಲೆ ಸಿಹಿನೀರು ಹರಿಯಿಸಿ ತೊಳೆಯಿರಿ.

ಇಷ್ಟೆಲ್ಲವನ್ನೂ ಮಾಡಿದೆವು. ಆರು ವಾರ ಕಾದು, ನೀರು ಹದಕ್ಕೆ ಬಂದ ಮೇಲೆ ಕಿತ್ತಳೆ ಮೈಯ ಬಿಳಿಪಟ್ಟಿಯ ಕ್ಲೌನ್ ಮೀನುಗಳೆರಡನ್ನು ಬಿಟ್ಟೆವು. ಹುಡುಗನ ಆನಂದಕ್ಕೆ ಪಾರವಿರಲಿಲ್ಲ.

ಒಂದು ರಾತ್ರಿ ಮಳೆಗಾಳಿಗೆ ಕರೆಂಟು ಹೋಯಿತು. ಮೂರು ಗಂಟೆಯ ಹೊತ್ತಿಗೆ ಕೆಳಮನೆಯವರು ಕದ ತಟ್ಟಿ, "ಮೇಷ್ಟ್ರೇ, ನಮ್ಮ ಸೂರು ಸೋರುತ್ತಿದೆ, ನೀರು ಉಪ್ಪಾಗಿದೆ" ಎಂದರು. ದೀಪ ಹಿಡಿದು ನೋಡಲು, ಮೇಲಿನ ತೊಟ್ಟಿಯಲ್ಲಿ ಉಳಿದಿದ್ದುದು ನಾಲ್ಕು ಬೆರಳು ನೀರು. ಪಂಪು ನಿಂತೊಡನೆ ಕೊಳವೆಯು ವಕ್ರನಳಿಗೆಯಾಗಿ, ತಳದ ತೂತುಗಳಿಂದ ನೀರನ್ನು ಹಿಂದಕ್ಕೆಳೆದು ಕೆಳತೊಟ್ಟಿಯನ್ನು ತುಂಬಿಸಿ, ನೆಲಕ್ಕೆ ಹರಿಸಿತ್ತು. ಅಂತಹ ತೊಟ್ಟಿಯಲ್ಲಿ ನೀರು ಒಂದಂಗುಲ ಇಳಿದರೆ ಹತ್ತು ಲೀಟರಿಗೂ ಹೆಚ್ಚು. ನೂರು ಲೀಟರಿನಷ್ಟು ಮನೆಯೊಳಗೆ ಹರಿದಿತ್ತು. ಮೀನುಗಳಲ್ಲೊಂದು ಸತ್ತಿತ್ತು.

ವಕ್ರನಳಿಗೆಯ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದವರು ನಾವು! ಕರಿಹಲಗೆಯ ಮೇಲೆ ತಿಳಿದಿದ್ದುದು ಮನೆಯ ಕೊಳವೆಯಲ್ಲಿ ಹೊಳೆಯಲಿಲ್ಲ. ಹುಡುಗನು ಅಳಲಿಲ್ಲ, "ತಾತ, ನಿಮಗೆ ಗೊತ್ತಿರಲಿಲ್ಲವೇ?" ಎಂದು ಕೇಳಿದನು. ಗೊತ್ತಿತ್ತೆಂದು ಹೇಳಲು ನಮ್ಮ ನಾಲಗೆ ಏಳಲಿಲ್ಲ. ಬೆಳಗಾದ ಮೇಲೆ ಅದನ್ನೇ ಹೇಳಿದೆವು: "ಗೊತ್ತಿತ್ತಪ್ಪ, ಪರೀಕ್ಷಿಸಲಿಲ್ಲ. ತಪ್ಪು ನಮ್ಮದು." ಮಲ್ಲಿಗೆಯ ಕುಂಡದಲ್ಲಿ ಇಬ್ಬರೂ ಕೂಡಿ ಆ ಮೀನನ್ನು ಹೂಳಿದೆವು. ಕೆಳಮನೆಯ ಸೂರಿಗೆ ನಮ್ಮ ಖರ್ಚಿನಲ್ಲಿಯೇ ಸುಣ್ಣ ಹೊಡೆಯಿಸಿದೆವು.

ಪರಿಹಾರವು ಅತಿ ಸುಲಭವಾದುದು. ಮೇಲಕ್ಕೆ ಬರುವ ಕೊಳವೆಯಲ್ಲಿ, ನೀರಿನ ಮಟ್ಟದ ಬೆರಳಗಲ ಕೆಳಗೆ ಸಣ್ಣ ತೂತೊಂದನ್ನು ಕೊರೆಯಬೇಕು. ನೀರು ಅಲ್ಲಿಗಿಳಿದೊಡನೆ ಗಾಳಿ ಒಳನುಗ್ಗಿ ಎಳೆತವು ಕಡಿಯುವುದು. ಪಾಚಿ ಕಟ್ಟಿದರೆ ತೂತು ಮುಚ್ಚುವುದರಿಂದ ಎರಡನ್ನು ಕೊರೆದು, ವಾರಕ್ಕೊಮ್ಮೆ ಶುಚಿಮಾಡಬೇಕು. ಅಷ್ಟು ನೀರನ್ನು ಹಿಡಿಯುವಂತೆ ಕೆಳತೊಟ್ಟಿಯಲ್ಲಿ ಸ್ಥಳವನ್ನು ಖಾಲಿ ಬಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಮೀನನ್ನು ತರುವ ಮೊದಲೇ ಪಂಪನ್ನು ನಮ್ಮ ಕೈಯಿಂದಲೇ ನಿಲ್ಲಿಸಿ, ನೀರು ಎಲ್ಲಿಗೆ ಬಂದು ನಿಲ್ಲುವುದೆಂದು ನೋಡಬೇಕು.

ಮತ್ತೊಂದು ಮಾತು. ಹವಳವನ್ನೂ ಕಡಲ್ಗುದುರೆಯನ್ನೂ ಯಾರಾದರೂ ಮಾರಿದರೆ ಕೊಳ್ಳಬೇಡಿರಿ. 2001ರಿಂದ ಅವಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಕ್ಲೌನ್ ಮೀನುಗಳ ಮರಿಗಳನ್ನು ತೊಟ್ಟಿಯಲ್ಲಿಯೇ ಬೆಳೆಸುವ ಕ್ರಮವನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಅಂತಹವನ್ನೇ ಕೇಳಿ ಕೊಂಡರೆ ಕಡಲಿಗೆ ನಷ್ಟವಿಲ್ಲ.

ಕಳೆದ ವಾರವೂ ಕರೆಂಟು ಹೋಯಿತು. ಪಂಪಿನ ಸದ್ದು ನಿಂತಿತು. ಕೊಂಚ ಹೊತ್ತಿನಲ್ಲಿಯೇ ಆ ಸಣ್ಣ ತೂತು ಗಾಳಿಯನ್ನು ಹೀರುವ ಗುಳುಗುಳು ಶಬ್ದವು ಕೇಳಿಬಂತು. ಹುಡುಗನು ಎದ್ದು ಬ್ಯಾಟರಿಯ ಗಾಳಿಪಂಪನ್ನು ಹಚ್ಚಿ, "ನಿಂತಿತು ತಾತ, ಮಲಗಿ" ಎಂದನು. ನಾವು ಮಲಗಿದೆವು.