ಚೀಲದ ಬಾಯಿ ಬಿಚ್ಚದೆ ದುಡ್ಡು ಕೊಡಬೇಡಿ

ನಮ್ಮ ಕಾಲೇಜಿನಲ್ಲಿ ಈಗ ಎರಡನೇ ಸಲ ಒಂದು ಪಟ್ಟಿ ಓಡಾಡುತ್ತಿದೆ. ಎಡಕ್ಕೆ ಹೆಸರು, ಬಲಕ್ಕೆ ಮೊತ್ತ. 2025ರ ಸೆಪ್ಟೆಂಬರ್ 26ರ ಸ್ಪೈಡರ್-ಮ್ಯಾನ್ ಕಾರ್ಡ್‌ಗಳಿಗೆ ಮುಂಗಡ ಕೂಡಿಸುವ ಪಟ್ಟಿ ಅದು. ಬರೆಸಿಕೊಳ್ಳುತ್ತಿರುವವರು ನನ್ನ ಗೆಳೆಯರೇ ಆದ್ದರಿಂದ ಅವರ ಹೆಸರು ಇಲ್ಲಿ ಬೇಡ. ಆದರೆ ಮೊದಲನೇ ಸಲ ಏನಾಯಿತು ಎಂಬುದನ್ನು ಎಲ್ಲರೂ ಇಷ್ಟು ಬೇಗ ಮರೆತರೆ ಹೇಗೆ?

ವಿಷಯ ಗೊತ್ತಿಲ್ಲದ ಅಧ್ಯಾಪಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಇದು ಇಸ್ಪೀಟು ಅಲ್ಲ. ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಈ ಆಟವನ್ನು 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದರು. ಇದರಲ್ಲಿ ಪ್ರತಿ ಕಾರ್ಡಿನ ಮೇಲೆ ಒಂದು ಚಿತ್ರ, ಕೆಳಗೆ ಆ ಕಾರ್ಡ್ ಏನು ಮಾಡುತ್ತದೆ ಎಂಬ ಬರಹ. ಆಟಗಾರ ತನ್ನ ಕಟ್ಟನ್ನು ತಾನೇ ಜೋಡಿಸಿಕೊಳ್ಳಬೇಕು, ಕನಿಷ್ಠ 60 ಕಾರ್ಡ್ ಬೇಕು. ಕಾರ್ಡ್‌ಗಳು ಬೂಸ್ಟರ್ ಎಂಬ ಮುಚ್ಚಿದ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಒಳಗೆ ಏನಿದೆ ಎಂದು ಒಡೆಯುವವರೆಗೆ ಗೊತ್ತಾಗುವುದಿಲ್ಲ. ಇತ್ತೀಚೆಗೆ ಆ ಕಂಪನಿ ಬೇರೆಯವರ ಕಥೆ, ಸಿನಿಮಾ, ವಿಡಿಯೋ ಗೇಮ್‌ಗಳ ಪಾತ್ರಗಳನ್ನೂ ತಂದು ಕಾರ್ಡ್ ಮಾಡುತ್ತಿದೆ. 2025ರ ಜೂನ್ 13ರಂದು ಬಿಡುಗಡೆಯಾದದ್ದು ಫೈನಲ್ ಫ್ಯಾಂಟಸಿ ಎಂಬ ಜಪಾನಿನ ವಿಡಿಯೋ ಗೇಮಿನ ಕಾರ್ಡ್‌ಗಳು. 1987ರಿಂದ ನಡೆದು ಬಂದಿರುವ ಗೇಮ್ ಅದು, ನನ್ನ ಮಾಮು ಸಹ ಹುಬ್ಬಳ್ಳಿಯಲ್ಲಿ ಓದುವಾಗ ಆಡಿದ್ದಾರಂತೆ.

ಇಂಥ ಕಾರ್ಡ್ ಬರುವುದಕ್ಕೆ ತಿಂಗಳುಗಳ ಮುಂಚೆಯೇ ಕಂಪನಿ ಕೆಲವನ್ನು ತೋರಿಸುತ್ತದೆ. ಅದಕ್ಕೆ ಪ್ರಿವ್ಯೂ ಎನ್ನುತ್ತಾರೆ. ಫೈನಲ್ ಫ್ಯಾಂಟಸಿಯ ಮೊದಲ ಕಂತು ಫೆಬ್ರುವರಿಯಲ್ಲಿ ಬಂತು. ಆಗ ನಮಗೆ ಪ್ರಥಮ ಪಿಯು ಪರೀಕ್ಷೆಯ ಹೊತ್ತು. ಲೆಕ್ಕಶಾಸ್ತ್ರದ ಪುಸ್ತಕದ ನಡುವೆ ಮೊಬೈಲ್ ಇಟ್ಟುಕೊಂಡು ನೋಡಿದವರು ಯಾರು ಯಾರು ಎಂಬುದು ಅವರಿಗೇ ಗೊತ್ತು.

ಆ ಕಂತಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಜಂಬೋ ಕ್ಯಾಕ್ಟುವಾರ್ ಎಂಬ ಕಾರ್ಡ್. ಓಡುವ ಪಾಪಾಸುಕಳ್ಳಿಯ ಚಿತ್ರ. ಅದರ ಬಲ 1, ತಾಳಿಕೆ 7. ಆದರೆ ದಾಳಿಗೆ ಹೊರಟಾಗ ಆ ಸರದಿ ಮುಗಿಯುವವರೆಗೆ ಬಲಕ್ಕೆ 9,999 ಸೇರುತ್ತದೆ. ಅಂದರೆ ಹತ್ತು ಸಾವಿರ. ಈ ಆಟದಲ್ಲಿ ಎದುರಾಳಿಯ ಪ್ರಾಣ ಸಾಮಾನ್ಯವಾಗಿ 20 ಅಂಕದಿಂದ ಶುರುವಾಗುತ್ತದೆ. ಇಪ್ಪತ್ತಕ್ಕೆ ಹತ್ತು ಸಾವಿರ! ನಮ್ಮ ಹುಡುಗರು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂಗಾಡಿದ್ದು ಇನ್ನೂ ನೆನಪಿದೆ.

ಈಗ ಬರಹ ಓದೋಣ. ಆ ಕಾರ್ಡ್ ಇಳಿಸಲು ಏಳು ಮಾನಾ ಬೇಕು, ಅಂದರೆ ಆಟ ಅರ್ಧ ಮುಗಿದ ಮೇಲೆಯೇ ಅದು ಬರುವುದು. ದಾಳಿ ಮಾಡಿದಾಗ ಎದುರಾಳಿ ತನ್ನ ಯಾವುದಾದರೂ ಒಂದು ಚಿಕ್ಕ ಪ್ರಾಣಿಯನ್ನು ಅಡ್ಡ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದರೆ ಹತ್ತು ಸಾವಿರವೂ ಆ ಪ್ರಾಣಿಯ ಮೇಲೆಯೇ ಬೀಳುತ್ತದೆ, ಎದುರಾಳಿಗೆ ಒಂದು ಅಂಕವೂ ತಗಲುವುದಿಲ್ಲ. ಅಡ್ಡ ನಿಂತವರನ್ನು ದಾಟಿ ಉಳಿದ ಪೆಟ್ಟು ಹಿಂದಕ್ಕೆ ಹೋಗಬೇಕಾದರೆ ಬೇರೊಂದು ಶಬ್ದ ಕಾರ್ಡಿನ ಮೇಲೆ ಇರಬೇಕು. ಅದು ಇಲ್ಲಿ ಇಲ್ಲ. ಒಂದು ಮೇಕೆಮರಿ ಸಾಕು ಹತ್ತು ಸಾವಿರವನ್ನು ತಡೆಯಲು. ಹಾಗಂತ ಇದು ಕೆಟ್ಟ ಕಾರ್ಡ್ ಅಲ್ಲ. ಅದಕ್ಕೆ ದಾರಿ ಮಾಡಿಕೊಡುವ ಬೇರೆ ಕಾರ್ಡ್ ಕೈಯಲ್ಲಿದ್ದರೆ ಒಂದೇ ಪೆಟ್ಟಿಗೆ ಆಟ ಮುಗಿಸುತ್ತದೆ. ಆ ಬೇರೆ ಕಾರ್ಡ್ ಯಾವುದು, ಎಲ್ಲಿಂದ ತರುವುದು ಎಂದು ತಲೆ ಕೆಡಿಸಿಕೊಳ್ಳುವುದರಲ್ಲೇ ಇದೆ ಮಜಾ. ನನಗಂತೂ ಪ್ರಿವ್ಯೂ ಇಷ್ಟವಾಗುವುದು ಅದಕ್ಕೇ. ದುಡ್ಡಿಲ್ಲದೆ ಓದಲು ಸಿಗುವ ಒಗಟು ಅದು.

ಆದರೆ ಕಂಪನಿ ಅದನ್ನು ತೋರಿಸುವುದು ಒಗಟು ಬಿಡಿಸಲಿ ಎಂದು ಅಲ್ಲ. ಇದರ ಲೆಕ್ಕ ಸ್ವಾರಸ್ಯವಾಗಿದೆ, ಕಾಮರ್ಸ್ ಓದುವವರು ಸ್ವಲ್ಪ ನಿಂತು ನೋಡಬೇಕು. ಫೆಬ್ರುವರಿಯಲ್ಲಿ ತೋರಿಸಿದ್ದು ಕೆಲವೇ ಕಾರ್ಡ್. ಸುಮಾರು 300 ಕಾರ್ಡ್‌ಗಳ ಪೂರ್ತಿ ಪಟ್ಟಿ ಹೊರಬಂದದ್ದು ಮೇ ಕೊನೆಯ ಹೊತ್ತಿಗೆ. ಆದರೆ ಏಪ್ರಿಲ್‌ನಲ್ಲೇ ಮಾಲೀಕ ಕಂಪನಿ ಹ್ಯಾಸ್‌ಬ್ರೋದ ಮುಖ್ಯಸ್ಥ ಕ್ರಿಸ್ ಕಾಕ್ಸ್, ಮ್ಯಾಜಿಕ್ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಇದು ಎಂದು ಹೂಡಿಕೆದಾರರಿಗೆ ಹೇಳಿಯಾಗಿತ್ತು. ಒಂದು ಪ್ಯಾಕೆಟ್ಟನ್ನೂ ಯಾರೂ ಒಡೆದಿರಲಿಲ್ಲ, ಪಟ್ಟಿಯನ್ನೂ ನೋಡಿರಲಿಲ್ಲ. ಆಮೇಲೆ ಒಂದೇ ದಿನದಲ್ಲಿ 20 ಕೋಟಿ ಡಾಲರ್ ಆದಾಯ ಬಂತು ಎಂದರು. ಡಾಲರಿಗೆ 85 ರೂಪಾಯಿ ಹಿಡಿದರೂ 1,700 ಕೋಟಿ ರೂಪಾಯಿ. ಇದಕ್ಕೆ ಮುಂಚಿನ ದಾಖಲೆ ಲಾರ್ಡ್ ಆಫ್ ದ ರಿಂಗ್ಸ್ ಕಾರ್ಡ್‌ಗಳದ್ದು. ಅಷ್ಟೇ ಹಣ ಬರಲು ಅದಕ್ಕೆ ಆರು ತಿಂಗಳು ಹಿಡಿದಿತ್ತು. ಹಾಗಾದರೆ ಜನ ಕೊಂಡದ್ದು ಏನನ್ನು? ಕಾರ್ಡನ್ನಲ್ಲ, ಪ್ರಿವ್ಯೂವನ್ನು.

ನಮ್ಮ ಐದು ಜನರೂ ಅದನ್ನೇ ಕೊಂಡರು. ಇಬ್ಬರು ಹಾನಗಲ್ಲಿನವರು, ಒಬ್ಬ ಶಿಗ್ಗಾಂವಿಯವನು, ಇಬ್ಬರು ಸವಣೂರಿನವರು. ಮಾರ್ಚ್ ಕೊನೆಗೆ ಈದ್ ಬಂತಲ್ಲ, ಈದಿ ಹಣ ಎಲ್ಲರ ಜೇಬಿನಲ್ಲೂ ಇತ್ತು. 6,500 ರೂಪಾಯಿ ಕೂಡಿಸಿ, ಮೊಬೈಲಿನಲ್ಲಿ ಪರಿಚಯವಾದ ಬೇರೆ ಊರಿನ ಒಬ್ಬ ಮಾರಾಟಗಾರನ ಹತ್ತಿರ ಎರಡು ಕಲೆಕ್ಟರ್ ಬೂಸ್ಟರ್‌ಗೆ ಮುಂಗಡ ಕೊಟ್ಟರು. ಅಮೆರಿಕದಲ್ಲಿ ಅದರ ನಿಗದಿತ ಬೆಲೆ 37.99 ಡಾಲರ್, ಸುಮಾರು 3,200 ರೂಪಾಯಿ. ಜೂನ್‌ನಲ್ಲಿ ಅವನ ಉತ್ತರ ಬಂತು: ಮಾಲು ಕಡಿಮೆ ಬಂದಿದೆ, ದರ ಎರಡು ಪಟ್ಟು ಆಗಿದೆ, ಅದೇ ಹಣಕ್ಕೆ ಒಂದು ಕಳಿಸುತ್ತೇನೆ, ಬೇಡವಾದರೆ ವಾಪಸ್ ತಗೊಳ್ಳಿ. ಐದು ಜನರಲ್ಲಿ ಮೂವರು ಬರಲಿ ಎಂದರು, ಬಂತು. ಒಂದು ಪ್ಯಾಕೆಟ್ಟಿನಲ್ಲಿ 15 ಕಾರ್ಡ್. ತಲೆಗೆ ಮೂರು. ಒಂದೊಂದು ಕಾರ್ಡಿಗೆ 433 ರೂಪಾಯಿ ಬಿತ್ತು. ಆಡಲು 60 ಬೇಕು ಎಂದು ಮೇಲೆ ಹೇಳಿದೆನಲ್ಲ, ಅವರ ಬಳಿ ಆಟ ಆಡುವಷ್ಟು ಕಾರ್ಡ್ ಇವತ್ತಿಗೂ ಇಲ್ಲ. ಪಾಪಾಸುಕಳ್ಳಿಯೂ ಬರಲಿಲ್ಲ.

ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. 6,500 ಎಂದರೆ ಹದಿನೇಳೂವರೆ ದಿನದ ಕೂಲಿ. ಈ ಲೆಕ್ಕವನ್ನು ನಾನು ಅವರ ಮುಂದೆ ಇಟ್ಟಾಗ ಒಬ್ಬ, "ಈದಿ ಹಣ ಭಾಯ್, ದುಡಿದದ್ದಲ್ಲ" ಎಂದ. ನೀನು ದುಡಿಯಲಿಲ್ಲ, ಕೊಟ್ಟವರು ದುಡಿದರು.

ನಮ್ಮ ಕಡೆಯವರಿಗೆ ಮಾದರಿ ನೋಡಿ ಮಾಲು ಕೊಳ್ಳುವುದು ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರು ನೋಡಿರುತ್ತೀರಿ, ಚೀಲದ ಬಾಯಿ ಬಿಚ್ಚಿಯೇ ಇಟ್ಟಿರುತ್ತಾರೆ. ಕೊಳ್ಳುವವನು ಮೇಲಿನ ಕಾಯಿ ನೋಡಿ ದರ ಹೇಳುವುದಿಲ್ಲ, ಕೈ ಒಳಗೆ ಹಾಕಿ ಕೆಳಗಿನದನ್ನು ತೆಗೆದು ಮುರಿದು ನೋಡುತ್ತಾನೆ. ನಮ್ಮ ಸವಣೂರಿನಲ್ಲಿ ಎಲೆ ಎಂದರೆ ಇಸ್ಪೀಟಿನ ಎಲೆಗಿಂತ ಮೊದಲು ವೀಳ್ಯದೆಲೆ ನೆನಪಾಗುತ್ತದೆ. ಕಟ್ಟಿನ ಮೇಲೆ ನಾಲ್ಕು ದೊಡ್ಡ ಎಲೆ ಇಟ್ಟರೆ ಯಾವ ಅಂಗಡಿಯವನೂ ಮೋಸ ಹೋಗುವುದಿಲ್ಲ, ನಡುವಿನಿಂದ ಸರಿಸಿ ನೋಡುತ್ತಾನೆ. 1930ರ ಸರಕು ಮಾರಾಟ ಕಾಯ್ದೆಯ 17ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ. ಮಾದರಿ ತೋರಿಸಿ ಮಾರಿದರೆ ಇಡೀ ಸರಕು ಮಾದರಿಯ ಗುಣಮಟ್ಟಕ್ಕೆ ಸರಿಹೊಂದಬೇಕು, ಎರಡನ್ನೂ ಹೋಲಿಸಿ ನೋಡಲು ಕೊಳ್ಳುವವನಿಗೆ ಅವಕಾಶ ಇರಬೇಕು. ಪ್ರಿವ್ಯೂ ಕಾನೂನಿನ ಅರ್ಥದಲ್ಲಿ ಮಾದರಿ ಅಲ್ಲ, ಅದು ಜಾಹೀರಾತು. ನಾವು ಅದನ್ನು ಮಾದರಿ ಎಂದು ತಿಳಿದು ದುಡ್ಡು ಕೊಡುತ್ತೇವೆ.

ಮುಚ್ಚಿದ ಪ್ಯಾಕೆಟ್ಟೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಿರೇಕೆರೂರಿನ ಗೆಳೆಯನೊಬ್ಬ ವಾದ ಮಾಡಿದ: "ನಮ್ಮಪ್ಪ ಬೀಜದ ಪ್ಯಾಕೆಟ್ ತರೋದೂ ಮುಚ್ಚಿದ್ದೇ ಅಲ್ವಾ?" ಹೌದು. ಆದರೆ ಆ ಪ್ಯಾಕೆಟ್ಟಿನ ಚೀಟಿಯ ಮೇಲೆ ನೂರಕ್ಕೆ ಇಷ್ಟು ಮೊಳಕೆ ಬರಬೇಕು ಎಂದು ಮುದ್ರಿಸಿರುತ್ತಾರೆ, ಬರದಿದ್ದರೆ ಕೃಷಿ ಇಲಾಖೆಗೆ ದೂರು ಕೊಡಬಹುದು. ಕಾರ್ಡ್ ಕಂಪನಿಯೂ ಯಾವ ಪ್ಯಾಕೆಟ್ಟಿನಲ್ಲಿ ಯಾವ ಬಗೆಯ ಕಾರ್ಡ್ ಬರಬಹುದು ಎಂದು ಪ್ರಕಟಿಸುತ್ತದೆ, ನಿಜ. ಅದನ್ನು ನಮ್ಮಲ್ಲಿ ಓದಿದವರು ಯಾರು? ಈ ಸಲ ಚೊಕೊಬೊ ಎಂಬ ಹಕ್ಕಿಯ ಚಿನ್ನದ ಬಣ್ಣದ ಕಾರ್ಡನ್ನು ಜಗತ್ತಿಗೆಲ್ಲ ಸೇರಿ 77 ಮಾತ್ರ ಮುದ್ರಿಸಿ, ಒಂದೊಂದಕ್ಕೂ ಸಂಖ್ಯೆ ಹಾಕಿದರು. ಎಲ್ಲರೂ ನೋಡಿದ್ದು ಆ ಹಕ್ಕಿಯನ್ನು. ಎಪ್ಪತ್ತೇಳನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂದು ಯಾರೂ ಕೇಳಲಿಲ್ಲ.

ಬೇರೆಯವರ ಕಥೆಯ ಚಿತ್ರವನ್ನು ಎಲೆಗೆ ಹಾಕುವುದೇ ದುಡ್ಡಿನ ಆಸೆ, ಆಟದ ಶುದ್ಧತೆ ಹಾಳಾಯಿತು ಎಂದು ಗೊಣಗುವ ಹಳೆಯ ಆಟಗಾರರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ನಾಡಿನ ಗಂಜೀಫಾ ಎಲೆಗಳನ್ನೇ ನೋಡಿ. 1527ರಲ್ಲಿ ಬಾಬರ್ ತನ್ನ ಸ್ನೇಹಿತನೊಬ್ಬನಿಗೆ ಸಿಂಧ್‌ಗೆ ಗಂಜೀಫಾ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮೊಗಲರ ಆ ಆಟದಲ್ಲಿ ಎಂಟು ಬಣ್ಣ, 96 ಎಲೆ: ತಾಜ್, ಶಮ್ಶೀರ್, ಗುಲಾಮ್, ಚಂಗ್, ಸುರ್ಖ್, ಸಫೇದ್, ಬರಾತ್, ಕಿಮಾಶ್. ನಾನಿಗೆ ಓದಿ ಹೇಳಿದಾಗ ಬರಾತ್ ಎಂದರೆ ಮದುವೆ ದಿಬ್ಬಣವೇ ಎಂದು ಕೇಳಿದರು. ಅಲ್ಲ, ಅದು ಹಣದ ಹುಂಡಿಯಂಥ ಪತ್ರ. ಸುರ್ಖ್ ಚಿನ್ನದ ನಾಣ್ಯ, ಸಫೇದ್ ಬೆಳ್ಳಿ ನಾಣ್ಯ, ಕಿಮಾಶ್ ಸರಕು. ಎಂಟರಲ್ಲಿ ನಾಲ್ಕು ಕಾಮರ್ಸ್ ವಿಭಾಗದ್ದೇ! ಆಮೇಲೆ ಅದೇ ಆಟಕ್ಕೆ ದಶಾವತಾರದ ಚಿತ್ರ ಬಂದು ಹತ್ತು ಬಣ್ಣ, 120 ಎಲೆ ಆಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಎಲೆಯಾಟಗಳನ್ನು ರಚಿಸಿದರು, ದೊಡ್ಡದಕ್ಕೆ 360 ಎಲೆ. ಒಂದು ಕಡೆಯ ಆಟಕ್ಕೆ ಇನ್ನೊಂದು ಕಡೆಯ ಕಥೆ ಹೀಗೆ ನೂರಾರು ವರ್ಷಗಳಿಂದ ಸೇರುತ್ತಲೇ ಬಂದಿದೆ.

ವ್ಯತ್ಯಾಸ ಇರುವುದು ಬೇರೆ ಕಡೆ. ಗಂಜೀಫಾದಲ್ಲೂ ಶ್ರೀಮಂತರಿಗೆ ಒಂದು, ಸಾಮಾನ್ಯರಿಗೆ ಒಂದು ಇತ್ತು. ದಂತದ ಮೇಲೆ ಬರೆದದ್ದು ದರ್ಬಾರ್ ಕಲಂ, ಬಟ್ಟೆ ಕಾಗದದ್ದು ಬಜಾರ್ ಕಲಂ. ಆದರೆ ಬಜಾರ್ ಕಲಂ ಕೊಂಡವನ ಪೆಟ್ಟಿಗೆಯಲ್ಲೂ 96 ಎಂದರೆ 96 ಎಲೆ ಇರುತ್ತಿದ್ದವು. ತಾಜ್‌ನ ರಾಜ ಅರಮನೆಯವನಿಗೆ ಮಾತ್ರ ಸಿಗುತ್ತಾನೆ, ಸಂತೆಯವನು ಅದೃಷ್ಟ ನೋಡಬೇಕು ಎಂದು ಇರಲಿಲ್ಲ. ಕೊಂಡ ದಿನವೇ ಕೂತು ಆಡಬಹುದಿತ್ತು.

ಎಲೆ ಎಂದ ಕೂಡಲೇ ಮನೆಯಲ್ಲಿ ಹುಬ್ಬೇರುತ್ತದೆ, ನನಗೆ ಗೊತ್ತು. ಅಬ್ಬಾ ಈ ಲೇಖನದ ಕರಡು ನೋಡಿ, "ಇದೆಲ್ಲ ನಿನಗೆ ಹೇಗೆ ಗೊತ್ತು?" ಎಂದು ಮೊದಲು ಕೇಳಿದರು. ಆಟ ಬಿಡಿ ಎಂದು ಬರೆಯುವುದು ಸುಲಭ, ಯಾರೂ ಕೇಳುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟೇ. ಪ್ರಿವ್ಯೂ ಬಂದಾಗ ಚಿತ್ರಕ್ಕಿಂತ ಮೊದಲು ಬರಹ ಓದಿ. ಪೂರ್ತಿ ಪಟ್ಟಿ ಬರುವವರೆಗೆ ಒಂದು ರೂಪಾಯಿಯೂ ಕೊಡಬೇಡಿ. ಆಡುವ ಆಸೆ ಇದ್ದರೆ ಈ ಆಟ ಮೊಬೈಲಿನಲ್ಲಿ ಬಿಟ್ಟಿಯಾಗಿಯೇ ಸಿಗುತ್ತದೆ, ಫೈನಲ್ ಫ್ಯಾಂಟಸಿ ಕಾರ್ಡ್‌ಗಳೂ ಅದರಲ್ಲಿವೆ. ಒಂದೇ ಕಾರ್ಡಿನ ಮೇಲೆ ಮನಸ್ಸಿದ್ದರೆ ಬಿಡುಗಡೆಯಾದ ಮೇಲೆ ಅದೊಂದನ್ನೇ ಬಿಡಿಯಾಗಿ ಮಾರುವವರು ಸಿಗುತ್ತಾರೆ. ಆಗ ಕೊಡುವ ದುಡ್ಡಿಗೆ ಏನು ಬರುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಈಗಿನ ಪಟ್ಟಿಯಲ್ಲಿ ನಿನ್ನೆ ಸಂಜೆಯವರೆಗೆ ಹನ್ನೊಂದು ಹೆಸರು ಇದ್ದವು, ಅವುಗಳಲ್ಲಿ ನಾಲ್ಕು ಪ್ರಥಮ ಪಿಯು ಹುಡುಗರದ್ದು. ಹಣ ಇನ್ನೂ ಕಳಿಸಿಲ್ಲವಂತೆ, ಶನಿವಾರ ಕಳಿಸುತ್ತಾರಂತೆ. ಹೊಸ ಕಾರ್ಡ್‌ಗಳ ಪಟ್ಟಿ ಬಿಡುಗಡೆಗೆ ಮುಂಚೆ ಹೇಗೂ ಪೂರ್ತಿ ಹೊರಬರುತ್ತದೆ. ಅಲ್ಲಿಯವರೆಗೆ ಆ ಹಣ ಅವರವರ ಜೇಬಿನಲ್ಲೇ ಇರಲಿ. ಪಟ್ಟಿ ಬಂದ ದಿನ ಊಟದ ಬಿಡುವಿನಲ್ಲಿ ನಾನು ಲೈಬ್ರರಿಯ ಹಿಂದಿನ ಬೆಂಚಿನಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತಿರುತ್ತೇನೆ. ಹನ್ನೊಂದು ಜನವೂ ಬನ್ನಿ.